ವೀಕ್ಷಣೆಯ ಪುಟ ಮೊದಲು ತುಂಬಲಿ

ಪ್ರೌಢಶಾಲೆಯ ವಿಜ್ಞಾನ ದಾಖಲೆ ಪುಸ್ತಕಕ್ಕೆ ಒಂದು ಸಿದ್ಧ ಚೌಕಟ್ಟಿದೆ: ಉದ್ದೇಶ, ಬೇಕಾಗುವ ಸಾಮಗ್ರಿಗಳು, ತತ್ವ, ವಿಧಾನ, ವೀಕ್ಷಣೆ, ತೀರ್ಮಾನ. ಈ ಚೌಕಟ್ಟಿನ ಬಗ್ಗೆ ನನ್ನ ತಕರಾರಿಲ್ಲ. ಓದುವವರು ಏನನ್ನು ಎಲ್ಲಿ ಹುಡುಕಬೇಕೆಂಬುದು ಅದರಿಂದ ತಿಳಿಯುತ್ತದೆ. ತಕರಾರಿರುವುದು ಅದನ್ನು ತುಂಬುವ ಕ್ರಮದ ಬಗ್ಗೆ. ಓದುವ ಕ್ರಮವೇ ಬರೆಯುವ ಕ್ರಮ ಎಂದು ಮಕ್ಕಳು ತಿಳಿದಿದ್ದಾರೆ. ನಾವೂ ಹಾಗೆಂದು ಹೇಳಿಕೊಡುತ್ತಿದ್ದೇವೆ.

ಇಂಟರ್ನ್‌ಶಿಪ್ ಅವಧಿಯಲ್ಲಿ ನೋಡಿದ ಪುಸ್ತಕಗಳಲ್ಲಿ ಪ್ರಯೋಗಕ್ಕೆ ಮುಂಚೆಯೇ ತೀರ್ಮಾನ ಬರೆದಿದ್ದವು ಹಲವು. ಓಮ್‌ನ ನಿಯಮದ ಕೋಷ್ಟಕದಲ್ಲಿ ವಿಭವಾಂತರವನ್ನು ವಿದ್ಯುತ್ ಪ್ರವಾಹದಿಂದ ಭಾಗಿಸಿದರೆ ಐದೂ ಸಾಲಿನಲ್ಲಿ ಒಂದೇ ಬೆಲೆ. ಶಾಲೆಯ ಅಮ್ಮೀಟರಿನ ಮುಳ್ಳು ಅಷ್ಟು ಕರಾರುವಾಕ್ಕಾಗಿ ನಿಲ್ಲುವುದಿಲ್ಲ ಎಂಬುದು ಅದನ್ನು ಮುಟ್ಟಿದವರಿಗೆಲ್ಲ ಗೊತ್ತು. ತೀರ್ಮಾನಕ್ಕೆ ಹೊಂದುವಂತೆ ಅಂಕಿಗಳನ್ನು ಹಿಂದಿನಿಂದ ಕೂರಿಸಲಾಗಿತ್ತು.

ಇದರಿಂದಾಗುವ ನಷ್ಟ ದೊಡ್ಡದು. ನೀರು ಕುದಿಯುವ ತಾಪವನ್ನೇ ನೋಡಿ. ಪಠ್ಯದಲ್ಲಿರುವ 100 ಡಿಗ್ರಿ ಸೆಲ್ಸಿಯಸ್ ಸಮುದ್ರಮಟ್ಟದ ವಾಯುಒತ್ತಡದಲ್ಲಿ ಸಿಗುವ ಬೆಲೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಕಡಿಮೆ. ಬೆಂಗಳೂರಿನ ಮಗು 97 ಎಂದು ಬರೆದಾಗ ಕೆಂಪು ಶಾಯಿ ಬಿದ್ದು, ಪಕ್ಕದವನ 100ಕ್ಕೆ ಸರಿ ಗುರುತು ಸಿಕ್ಕರೆ, ಕಣ್ಣಾರೆ ಕಂಡದ್ದಕ್ಕಿಂತ ಗೈಡಿನಲ್ಲಿದ್ದದ್ದೇ ನಿಜ ಎಂಬ ಪಾಠವಾಗುತ್ತದೆ. ಒತ್ತಡಕ್ಕೂ ಕುದಿಬಿಂದುವಿಗೂ ಇರುವ ಸಂಬಂಧವನ್ನು ಕಲಿಸಲು ತಾನಾಗಿ ಒದಗಿದ ಅವಕಾಶವೂ ತಪ್ಪಿಹೋಗುತ್ತದೆ.

ಹೊಂದದ ಅಂಕಿಗೆ ವಿಜ್ಞಾನದಲ್ಲಿ ಎಷ್ಟು ಬೆಲೆಯಿದೆ ಎಂಬುದಕ್ಕೆ ಆರ್ಗಾನ್ ಸಾಕ್ಷಿ. ಗಾಳಿಯಿಂದ ಪಡೆದ ನೈಟ್ರೋಜನ್, ರಾಸಾಯನಿಕಗಳಿಂದ ತಯಾರಿಸಿದ ನೈಟ್ರೋಜನ್‌ಗಿಂತ ತುಸು ಭಾರವಿರುವುದನ್ನು ಲಾರ್ಡ್ ರೇಲಿ ಗಮನಿಸಿದರು. ವ್ಯತ್ಯಾಸ ಶೇ. 0.5ರಷ್ಟು ಮಾತ್ರ. ಅವರು ಅದನ್ನು ಮರೆಮಾಚದೆ 1892ರಲ್ಲಿ ಪ್ರಕಟಿಸಿ, ಕಾರಣ ತಿಳಿದವರು ಹೇಳಿ ಎಂದು ಕೇಳಿದರು. 1894ರಲ್ಲಿ ಅವರೂ ರಾಮ್ಸೆಯವರೂ ಗಾಳಿಯಲ್ಲಿ ಹೊಸ ಅನಿಲವಿದೆ ಎಂದು ಸಾರಿದರು.

ಹಾಗಾದರೆ ತರಗತಿಯಲ್ಲಿ ಏನು ಮಾಡಬಹುದು? ಮೊದಲನೆಯದಾಗಿ, ಪ್ರಯೋಗದ ಮೇಜಿನ ಬಳಿಯೇ ಏಕಮಾನಗಳ ಸಮೇತ ಕೋಷ್ಟಕವನ್ನು ಪೆನ್ನಿನಲ್ಲಿ ತುಂಬಿಸಬೇಕು. ತಪ್ಪಿದ ಅಂಕಿಯ ಮೇಲೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯಲಿ, ರಬ್ಬರ್ ಬೇಡ. ಎರಡನೆಯದಾಗಿ, ವಿಧಾನವನ್ನು ಪ್ರಯೋಗ ಮುಗಿದ ಮೇಲೆ ‘ನಾವು ಹೀಗೆ ಮಾಡಿದೆವು’ ಎಂದು ಬರೆಸಬೇಕು. ಮೂರನೆಯದಾಗಿ, ತೀರ್ಮಾನದಲ್ಲಿ ಕೋಷ್ಟಕದ ಒಂದಾದರೂ ಅಂಕಿ ಇರಬೇಕು. ಕೊನೆಗೆ ‘ವ್ಯತ್ಯಾಸಕ್ಕೆ ಕಾರಣ’ ಎಂಬ ಶೀರ್ಷಿಕೆಯೊಂದನ್ನು ಸೇರಿಸಿ, ಅದಕ್ಕೆ ಎರಡು ಸಾಲು ಜಾಗ ಬಿಡಿಸಬೇಕು. ಅಂಕ ಕೊಡುವಾಗ ಉತ್ತರ ಪಠ್ಯದ ಬೆಲೆಗೆ ಎಷ್ಟು ಹತ್ತಿರವಿದೆ ಎಂಬುದಕ್ಕಿಂತ, ತೀರ್ಮಾನ ಆ ಮಗುವಿನ ಕೋಷ್ಟಕದಿಂದಲೇ ಬಂದಿದೆಯೇ ಎಂದು ನೋಡೋಣ.

ನಲವತ್ತು ನಿಮಿಷದ ಅವಧಿ, ಐವತ್ತು ಮಕ್ಕಳು, ಎರಡೇ ಉಪಕರಣದ ಸೆಟ್ಟು. ಇದೆಲ್ಲ ಎಲ್ಲಿ ಸಾಧ್ಯ ಎಂದು ಅನುಭವಿ ಶಿಕ್ಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಕೋಷ್ಟಕ ಮೊದಲು ಬರೆಸುವುದರಿಂದ ಕೆಲಸ ಹೆಚ್ಚುವುದಿಲ್ಲ, ಅದರ ಸರದಿ ಮಾತ್ರ ಬದಲಾಗುತ್ತದೆ. ಪ್ರಾತ್ಯಕ್ಷಿಕೆಯಷ್ಟೇ ಸಾಧ್ಯವಿರುವಲ್ಲಿ ಇಬ್ಬರು ಮಕ್ಕಳು ಅಳತೆ ಓದಿ ಹೇಳಲಿ, ಕಪ್ಪುಹಲಗೆಯ ಮೇಲೆ ಬಿದ್ದ ಆ ಅಂಕಿಗಳನ್ನೇ ಎಲ್ಲರೂ ಬರೆದುಕೊಳ್ಳಲಿ. ತಪಾಸಣೆಗೆ ಅಂದವಾದ ಪುಸ್ತಕ ಬೇಕಿದ್ದರೆ ಶುದ್ಧಪ್ರತಿ ಇರಲಿ. ಮೇಜಿನ ಬಳಿ ಬರೆದ ಹಾಳೆಯನ್ನು ಅದರ ಎದುರಿನ ಪುಟಕ್ಕೆ ಅಂಟಿಸಿದರಾಯಿತು.

ಪ್ರಶಿಕ್ಷಣಾರ್ಥಿಗಳಾದ ನಮ್ಮ ಪಾಠಯೋಜನೆಯಲ್ಲೂ ‘ನಿರೀಕ್ಷಿತ ಉತ್ತರ’ದ ಅಂಕಣವಿದೆ, ‘ಬಂದ ಉತ್ತರ’ಕ್ಕೆ ಜಾಗವಿಲ್ಲ. ಮುಂದಿನ ಅಭ್ಯಾಸ ಪಾಠಗಳಲ್ಲಿ ಆ ಅಂಕಣವೊಂದನ್ನು ಸೇರಿಸಲು ನಮ್ಮ ಬೋಧಕರು ಒಪ್ಪಬೇಕೆಂದು ವಿನಂತಿ. ಬಂದದ್ದನ್ನು ಬಂದಂತೆ ಬರೆಯುವ ಅಭ್ಯಾಸ ಶಿಕ್ಷಕರಿಗಿದ್ದರೆ, ಮಕ್ಕಳಿಂದ ಅದನ್ನು ಕೇಳುವುದು ಸುಲಭ.