ರುಬಿಸ್ಕೋ ಒಳಗೆ ಹೋದದ್ದು ಹೇಗೆ?

ಕಳೆದ ಮಳೆಗಾಲದಲ್ಲಿ ಮಾಮು ಅವರ ಊರಿಗೆ ಹೋಗಿದ್ದೆ. ಭತ್ತ ಬಿತ್ತಿ ಹತ್ತು ದಿನವಾಗಿತ್ತು, ಸಸಿಮಡಿ ಹಸಿರು ಚಾಪೆ ಹಾಸಿದಂತಿತ್ತು. ಅದರ ನಡುವೆ ಎರಡು ಮೂರು ಸಸಿಗಳು ಮಾತ್ರ ಬುಡದಿಂದ ತುದಿಯವರೆಗೆ ಕಾಗದದಷ್ಟು ಬಿಳಿ. "ಅಪರೂಪಕ್ಕೆ ಹಿಂಗೆ ಬರ್ತಾವೆ. ಬೀಜದಲ್ಲಿರೋ ಹಿಟ್ಟು ಮುಗಿಯೋ ತನಕ ಇರ್ತಾವೆ, ಆಮೇಲೆ ಸಾಯ್ತಾವೆ," ಎಂದು ಮಾಮು ಒಂದನ್ನು ಕಿತ್ತು ಬದುವಿನ ಮೇಲೆ ಎಸೆದರು. ಪಿಸಿಎಂಬಿ ಓದುವ ನಾನು ಸುಮ್ಮನಿರುತ್ತೇನೆಯೇ? "ಕ್ಲೋರೋಪ್ಲಾಸ್ಟಿನ ಡಿಎನ್ಎ ಹಾಳಾಗಿದೆ ಮಾಮು, ಅದಕ್ಕೇ ಬಿಳಿ," ಎಂದೆ. ಅವರು ನಂಬಿದರು. ಕಾಲೇಜಿಗೆ ಹೋಗುವವರ ಮಾತನ್ನು ನಮ್ಮ ಮನೆಗಳಲ್ಲಿ ಹಾಗೇ ನಂಬುತ್ತಾರೆ.

ಕಾಲೇಜಿಗೆ ಬಂದು ಅದನ್ನೇ ಜೀವಶಾಸ್ತ್ರದ ಮೇಡಂ ಮುಂದೆ ಹೆಮ್ಮೆಯಿಂದ ಹೇಳಿದೆ. "ಯಾವ ಡಿಎನ್ಎ? ಕ್ಲೋರೋಪ್ಲಾಸ್ಟಿನದೋ, ಕೋಶಕೇಂದ್ರದ್ದೋ?" ಎಂದು ಕೇಳಿದರು. ಕ್ಲೋರೋಪ್ಲಾಸ್ಟಿಗೆ ಸ್ವಂತ ಡಿಎನ್ಎ ಇದೆ, ಸ್ವಂತ ರೈಬೋಸೋಮ್ ಇದೆ, ಅದು ಅರೆಸ್ವಾಯತ್ತ ಅಂಗಕ, ಆದ್ದರಿಂದ ತನ್ನ ಪ್ರೋಟೀನುಗಳನ್ನು ತಾನೇ ಮಾಡಿಕೊಳ್ಳುತ್ತದೆ ಎಂದು ಗೈಡಿನಲ್ಲಿದ್ದಂತೆ ಒಪ್ಪಿಸಿದೆ. "ಹಾಗಾದರೆ ರುಬಿಸ್ಕೋದ ಚಿಕ್ಕ ತುಂಡು ಕ್ಲೋರೋಪ್ಲಾಸ್ಟಿನ ಒಳಗೆ ಹೇಗೆ ಹೋಯಿತು?" ಎಂದರು. ನಾನು ಉತ್ತರ ಹುಡುಕುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ದನಿ: "ಮೇಡಂ, ಇದು ನೀಟ್‌ಗೆ ಬರುತ್ತಾ?" ಎಲ್ಲರೂ ನಕ್ಕರು. ಬೆಲ್ ಹೊಡೆಯಿತು.

ನಾನು ಬರೆಯಲು ಕೂತಿರುವುದು ಆ ನಗುವಿನ ಬಗ್ಗೆ. ಆದರೆ ಮೊದಲು ಮೇಡಂ ಕೇಳಿದ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಹುಡುಕುತ್ತಾ ಹೋದ ಮೇಲೆಯೇ ನನಗೆ ನನ್ನ ತಪ್ಪು ಎಷ್ಟು ದೊಡ್ಡದೆಂದು ತಿಳಿದದ್ದು.

ಕ್ಲೋರೋಪ್ಲಾಸ್ಟಿಗೆ ಸ್ವಂತ ಡಿಎನ್ಎ ಇರುವುದು ನಿಜ. 1986ರಲ್ಲಿ ಜಪಾನಿನ ವಿಜ್ಞಾನಿಗಳು ತಂಬಾಕು ಗಿಡದ ಕ್ಲೋರೋಪ್ಲಾಸ್ಟ್ ಡಿಎನ್ಎಯನ್ನು ಪೂರ್ತಿಯಾಗಿ ಓದಿದರು. ಸುಮಾರು 1,55,000 ಬೇಸ್ ಜೋಡಿಗಳು. ಅದರಲ್ಲಿ ಪ್ರೋಟೀನ್ ತಯಾರಿಸುವ ಸೂಚನೆಗಳಿರುವ ವಂಶವಾಹಿಗಳು ಎಂಬತ್ತರ ಆಸುಪಾಸು. ಆದರೆ ಕ್ಲೋರೋಪ್ಲಾಸ್ಟಿನಲ್ಲಿರುವ ಪ್ರೋಟೀನುಗಳು ಸುಮಾರು 3,000 ಬಗೆಯವು. ಅಂದರೆ ನೂರಕ್ಕೆ 95ಕ್ಕಿಂತ ಹೆಚ್ಚು ಬಗೆಗಳ ಸೂಚನೆ ಇರುವುದು ಕೋಶಕೇಂದ್ರದಲ್ಲಿ. ಅವು ತಯಾರಾಗುವುದು ಹೊರಗಿನ ಕೋಶರಸದಲ್ಲಿ, ಅಲ್ಲಿನ 80ಎಸ್ ರೈಬೋಸೋಮುಗಳ ಮೇಲೆ. ಇಂಥದ್ದನ್ನು ಅರೆಸ್ವಾಯತ್ತ ಅನ್ನುವುದಾದರೆ, ಹಾಸ್ಟೆಲಿನಲ್ಲಿ ಉಪ್ಪಿನಕಾಯಿ ಮಾತ್ರ ಹಾಕಿ ಅನ್ನ, ಸಾರು, ರೊಟ್ಟಿ ಎಲ್ಲವನ್ನೂ ಹೊರಗಿನಿಂದ ತರಿಸಿದರೂ ಅದನ್ನು ಅರ್ಧ ಸ್ವಂತ ಅಡುಗೆ ಎನ್ನಬಹುದು. (ಉಪ್ಪಿನಕಾಯಿ ಎಂದದ್ದು ಸ್ವಲ್ಪ ಅನ್ಯಾಯವೇ. ರುಬಿಸ್ಕೋದ ದೊಡ್ಡ ತುಂಡು ಕ್ಲೋರೋಪ್ಲಾಸ್ಟಿನ ಸ್ವಂತ ತಯಾರಿ.)

ರುಬಿಸ್ಕೋ ಜೀವಗೋಳದಲ್ಲೇ ಅತಿ ಹೇರಳವಾಗಿರುವ ಪ್ರೋಟೀನ್ ಎಂಬ ಸಾಲು ನಮ್ಮ ಮೊದಲ ಪಿಯುಸಿ ಪುಸ್ತಕದಲ್ಲಿದೆ. ಪ್ರಾಣಿಗಳಲ್ಲಿ ಕೊಲ್ಯಾಜನ್, ಒಟ್ಟು ಜೀವಗೋಳದಲ್ಲಿ ರುಬಿಸ್ಕೋ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆದರೆ ಗಿಡಗಳಲ್ಲಿ ಅದು ಎಂಟು ದೊಡ್ಡ ತುಂಡು ಮತ್ತು ಎಂಟು ಚಿಕ್ಕ ತುಂಡು ಸೇರಿ ಆಗುತ್ತದೆ, ದೊಡ್ಡವು ಒಳಗೆ ತಯಾರಾದರೆ ಚಿಕ್ಕವು ಹೊರಗೆ ತಯಾರಾಗಿ ಎರಡು ಪೊರೆ ದಾಟಿ ಬರುತ್ತವೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿತ್ತು? 1979ರಲ್ಲಿ 'ಜಗತ್ತಿನ ಅತಿ ಹೇರಳ ಪ್ರೋಟೀನ್' ಎಂಬ ಅರ್ಥದ ತಲೆಬರಹ ಕೊಟ್ಟು ರುಬಿಸ್ಕೋ ಬಗ್ಗೆ ಲೇಖನ ಬರೆದವರು ಇಂಗ್ಲೆಂಡಿನ ಜಾನ್ ಎಲ್ಲಿಸ್. ಅದಕ್ಕೆ ಒಂದು ವರ್ಷ ಮೊದಲು, 1978ರಲ್ಲಿ, ಆ ಚಿಕ್ಕ ತುಂಡು ಕ್ಲೋರೋಪ್ಲಾಸ್ಟಿನೊಳಗೆ ಹೋಗುವುದನ್ನು ತೋರಿಸಿದವರಲ್ಲಿ ಅವರೂ ಒಬ್ಬರು. ಅವರ ಉತ್ತರದ ಒಂದು ಸಾಲು ನಮಗೆ ಅಂಕಕ್ಕೆ ಬೇಕು, ಅವರ ಪ್ರಶ್ನೆ ಬೇಡ!

ಅದೇ ವರ್ಷ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ನಾಮ್-ಹಾಯ್ ಚುವಾ ಮತ್ತು ಗ್ರೆಗರಿ ಶ್ಮಿಟ್ ಕೂಡ ಅದನ್ನೇ ತೋರಿಸಿದರು. ಆ ಪ್ರಯೋಗ ನಮ್ಮ ಲ್ಯಾಬಿನಲ್ಲಿ ಮಾಡಲಾಗದಿದ್ದರೂ ನಮಗೆ ಅರ್ಥವಾಗುವಂಥದ್ದೇ. ಚಿಕ್ಕ ತುಂಡನ್ನು ಪರೀಕ್ಷಾನಳಿಕೆಯಲ್ಲಿ ತಯಾರಿಸಿದರು. ಅದರ ಅಣುತೂಕ ಸುಮಾರು 20,000 ಡಾಲ್ಟನ್, ಎಲೆಯಲ್ಲಿರುವ ಚಿಕ್ಕ ತುಂಡಿನದೋ ಸುಮಾರು 14,000. ಈ ಉದ್ದದ ಪ್ರೋಟೀನನ್ನು ಎಲೆಯಿಂದ ಬಿಡಿಸಿದ ಕ್ಲೋರೋಪ್ಲಾಸ್ಟುಗಳ ಜೊತೆ ಇಟ್ಟರು. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಸಿಕ್ಕಿದ್ದು 14,000ದ್ದು. ಒಳಗೆ ಹೋಗಿದೆ, ಹೋದ ಮೇಲೆ ಒಂದು ಭಾಗ ಕತ್ತರಿಸಿ ಹೋಗಿದೆ.

ಆ ಕತ್ತರಿಸಿದ ಭಾಗವೇ ಪ್ರವೇಶಪತ್ರ. ಟ್ರಾನ್ಸಿಟ್ ಪೆಪ್ಟೈಡ್ ಎಂದು ಅದರ ಹೆಸರು. ಪ್ರೋಟೀನಿನ ಮೊದಲ ತುದಿಯಲ್ಲಿ ಕೆಲವು ಹತ್ತು ಅಮೈನೋ ಆಮ್ಲಗಳ ಬಾಲ. ಪರೀಕ್ಷೆಯ ಹಾಲ್ ಟಿಕೆಟ್ ಇದ್ದ ಹಾಗೆ ಎಂದುಕೊಳ್ಳಿ, ಒಂದೇ ವ್ಯತ್ಯಾಸ. ನಮ್ಮ ಹಾಲ್ ಟಿಕೆಟ್‌ಗಳೆಲ್ಲ ಒಂದೇ ನಮೂನೆ. ಇಲ್ಲಿ ಹಾಗಲ್ಲ. ಒಂದರ ಅಕ್ಷರಸಾಲು ಇನ್ನೊಂದಕ್ಕೆ ಹೋಲುವುದಿಲ್ಲ, ಸೆರಿನ್‌ನಂಥವು ಹೆಚ್ಚು, ಆಮ್ಲೀಯವಾದವು ಬಹಳ ಕಡಿಮೆ ಎಂಬಷ್ಟೇ ಸಾಮ್ಯ. ಆದರೂ ಬಾಗಿಲು ಗುರುತಿಸುತ್ತದೆ. ಹೊರಪೊರೆಯ ಬಾಗಿಲಿಗೆ ಟಾಕ್ ಎಂದೂ ಒಳಪೊರೆಯದಕ್ಕೆ ಟಿಕ್ ಎಂದೂ ಹೆಸರು. ಟಾಕ್‌ನಲ್ಲಿ ಟಿಕೆಟ್ ನೋಡುವವು ಟಾಕ್159 ಮತ್ತು ಟಾಕ್34, ದಾರಿಯಾಗುವುದು ಟಾಕ್75. ಪ್ರೋಟೀನು ಮಡಿಚಿಕೊಂಡೇ ನುಗ್ಗುವುದಿಲ್ಲ, ಬಿಚ್ಚಿದ ದಾರದಂತೆ ಪೋಣಿಸಿಕೊಂಡು ಹೋಗುತ್ತದೆ. ಒಳಗಿನಿಂದ ಬೇರೆ ಪ್ರೋಟೀನುಗಳು ಎಟಿಪಿ ಖರ್ಚುಮಾಡಿ ಎಳೆದುಕೊಳ್ಳುತ್ತವೆ. ಒಂದು ಪ್ರೋಟೀನ್ ಒಳಗೆ ತರಲು ಸುಮಾರು 650 ಎಟಿಪಿಯಷ್ಟು ಖರ್ಚು ಎಂದು 2013ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಅಂದಾಜು ಮಾಡಿದರು. ಒಂದು ಗ್ಲೂಕೋಸ್‌ಗೆ 36 ಎಟಿಪಿ, 38 ಎಟಿಪಿ ಎಂದು ಗುದ್ದಾಡುವ ನಮಗೆ 650 ಎಂದರೆ ಕಣ್ಣು ಅಗಲವಾಗಬೇಕು.

ಪ್ರೋಟೀನುಗಳಿಗೆ ತಮ್ಮ ವಿಳಾಸ ತಮ್ಮಲ್ಲೇ ಬರೆದಿರುತ್ತದೆ ಎಂಬ ಈ ವಿಚಾರಕ್ಕೆ 1999ರಲ್ಲಿ ಗುಂಟರ್ ಬ್ಲೋಬೆಲ್ ಅವರಿಗೆ ನೊಬೆಲ್ ಬಂತು. ಬಂದ ಹಣದ ಬಹುಪಾಲನ್ನು ಯುದ್ಧದಲ್ಲಿ ನಾಶವಾದ ಡ್ರೆಸ್ಡನ್ ನಗರದ ಚರ್ಚ್ ಮತ್ತು ಯಹೂದಿಯರ ಪ್ರಾರ್ಥನಾಮಂದಿರವನ್ನು ಮತ್ತೆ ಕಟ್ಟಲು ಕೊಟ್ಟರಂತೆ. ಇದೂ ನೀಟ್‌ಗೆ ಬರುವುದಿಲ್ಲ.

ಹಾಗಾದರೆ ಬಿಳಿ ಸಸಿ? ಸಸಿ ಬಿಳಿಯಾಗಲು ಅನೇಕ ಕಾರಣಗಳಿರಬಹುದು. ಅದರಲ್ಲಿ ಒಂದು ಬಾಗಿಲು ಕೆಡುವುದು. ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಟಾಕ್159ರ ವಂಶವಾಹಿ ಕೆಟ್ಟರೆ ಸಸಿ ಪೂರ್ತಿ ಬಿಳಿ. ಸಕ್ಕರೆ ಹಾಕಿ ಸಾಕಿದರೆ ಬದುಕುತ್ತದೆ, ಮಣ್ಣಿನಲ್ಲಿ ನೆಟ್ಟರೆ ಇಲ್ಲ. ಆ ವಂಶವಾಹಿ ಇರುವುದು ಕೋಶಕೇಂದ್ರದಲ್ಲಿ! ಕ್ಲೋರೋಪ್ಲಾಸ್ಟಿನ ಡಿಎನ್ಎ ಒಂದಕ್ಷರವೂ ಕೆಡದೆ ಗಿಡ ಬಿಳಿಯಾಗಬಹುದು. ನಾನು ಮಾಮು ಅವರಿಗೆ ಅಷ್ಟು ಖಚಿತವಾಗಿ ಹೇಳಿದ್ದಕ್ಕೆ ಯಾವ ಆಧಾರವೂ ಇರಲಿಲ್ಲ.

ಈಗ ಆ ನಗುವಿನ ವಿಷಯ. ಹಿಂದಿನ ಬೆಂಚಿನ ಗೆಳೆಯನನ್ನು ನಾನು ಬೈಯುವುದಿಲ್ಲ. ನಮ್ಮಲ್ಲಿ ಹಲವರು ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಕೋಚಿಂಗ್ ಫೀಸಿಗೆ ಅಮ್ಮಿಯ ಬಳೆ ಬ್ಯಾಂಕಿಗೆ ಹೋಗಿರುತ್ತದೆ. ಅಂಥವರಿಗೆ "ಇದು ಬರುತ್ತಾ?" ಎಂಬುದು ಸೋಮಾರಿತನದ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ. ನಾನೂ ದಿನಕ್ಕೆ ಹತ್ತು ಸಲ ಕೇಳುತ್ತೇನೆ. ನನ್ನ ತಕರಾರು ಬೇರೆ. ಆ ಪ್ರಶ್ನೆ ಕೇಳಿದ ಕೂಡಲೇ ಉಳಿದ ಪ್ರಶ್ನೆಗಳೆಲ್ಲ ಮುಚ್ಚಿಹೋಗುತ್ತವಲ್ಲ, ಅದು. 'ಸಿಲೆಬಸ್‌ನಲ್ಲಿಲ್ಲ' ಎಂಬುದು ಮೊದಲು ಸಮಯದ ವಿಷಯವಾಗಿತ್ತು, ಈಗ ಅದು 'ಗೊತ್ತಿಲ್ಲದಿದ್ದರೂ ಪರವಾಗಿಲ್ಲ' ಎಂಬ ಅರ್ಥಕ್ಕೆ ಬಂದಿದೆ. ಇನ್ನೂ ಅಪಾಯವೆಂದರೆ, ಗೊತ್ತಿಲ್ಲದ ಜಾಗವನ್ನು ಗೈಡಿನ ಒಂದು ಪದ ತುಂಬಿಬಿಡುತ್ತದೆ. 'ಅರೆಸ್ವಾಯತ್ತ' ಎಂಬ ಪದ ನನಗೆ ಮಾಡಿದ್ದು ಅದನ್ನೇ.

ಉಪಯೋಗ ಕೇಳುವವರಿಗೂ ಉತ್ತರವಿದೆ. 2000ದಲ್ಲಿ ಪ್ರಕಟವಾದ ಗೋಲ್ಡನ್ ರೈಸ್ ಕೆಲಸದಲ್ಲಿ ಅಕ್ಕಿಯೊಳಗೆ ವಿಟಮಿನ್ ಎ ಮೂಲವಸ್ತು ತಯಾರಾಗಲು ಒಂದು ಬ್ಯಾಕ್ಟೀರಿಯಾದ ವಂಶವಾಹಿ ಬೇಕಿತ್ತು. ಅದರ ಕಿಣ್ವ ಕೆಲಸ ಮಾಡಬೇಕಾದದ್ದು ಕ್ಲೋರೋಪ್ಲಾಸ್ಟಿನ ಬಳಗಕ್ಕೆ ಸೇರಿದ ಪ್ಲಾಸ್ಟಿಡ್‌ನ ಒಳಗೆ. ಬ್ಯಾಕ್ಟೀರಿಯಾದ ಪ್ರೋಟೀನಿಗೆ ಟಿಕೆಟ್ ಎಲ್ಲಿಂದ ಬರಬೇಕು? ಬಟಾಣಿ ಗಿಡದ ರುಬಿಸ್ಕೋ ಚಿಕ್ಕ ತುಂಡಿನ ಟ್ರಾನ್ಸಿಟ್ ಪೆಪ್ಟೈಡನ್ನೇ ಅದಕ್ಕೆ ಅಂಟಿಸಿದರು. ನಾಳೆ ಕೃಷಿ ವಿಜ್ಞಾನವೋ ಬಯೋಟೆಕ್ನಾಲಜಿಯೋ ಓದುವವರು ಇದೇ ಬಾಗಿಲ ಮುಂದೆ ನಿಲ್ಲಬೇಕಾಗುತ್ತದೆ.

ಮತ್ತು ಇದು ಮುಗಿದ ಕಥೆಯೂ ಅಲ್ಲ. ಹಸಿರು ಪಾಚಿಯೊಂದರ ಟಾಕ್-ಟಿಕ್ ಬಾಗಿಲಿನ ಪೂರ್ಣ ರಚನೆ ಕಣ್ಣಿಗೆ ಕಂಡದ್ದು 2022-23ರಲ್ಲಿ, ನಾವು ಹೈಸ್ಕೂಲಿನಲ್ಲಿದ್ದಾಗ. ಒಳಬಾಗಿಲಿನ ಒಂದು ದೊಡ್ಡ ಭಾಗದ ಸೂಚನೆ ಕ್ಲೋರೋಪ್ಲಾಸ್ಟಿನ ಸ್ವಂತ ಡಿಎನ್ಎಯಲ್ಲೇ ಇದೆ, ಆದರೆ ಭತ್ತ, ಮೆಕ್ಕೆಜೋಳಗಳಲ್ಲಿ ಆ ವಂಶವಾಹಿ ಇಲ್ಲ. ವಿಜ್ಞಾನಿಗಳಿನ್ನೂ ವಾದಿಸುತ್ತಿದ್ದಾರೆ.

ಪ್ರಾಂಶುಪಾಲರಲ್ಲೂ ಉಪನ್ಯಾಸಕರಲ್ಲೂ ನನ್ನ ಕೋರಿಕೆ ಚಿಕ್ಕದು. ತಿಂಗಳಿಗೆ ಒಂದೇ ಒಂದು ಪೀರಿಯಡ್, ಪರೀಕ್ಷೆಗೆ ಬಾರದ ಒಂದು ಪ್ರಶ್ನೆಗೆ ಕೊಡಿ. ಪ್ರಶ್ನೆ ನಾವೇ ತರುತ್ತೇವೆ. ಅಟೆಂಡೆನ್ಸ್ ಕಡ್ಡಾಯ ಮಾಡಬೇಡಿ. ಹತ್ತು ಜನ ಬಂದರೂ ಸಾಕು.

ರಜೆಯಲ್ಲಿ ಮಾಮು ಅವರಿಗೆ ಫೋನ್ ಮಾಡಿ ನಾನು ಹೇಳಿದ್ದು ತಪ್ಪಿರಬಹುದು ಎಂದೆ. ಕೆಟ್ಟಿರುವುದು ಕೋಶಕೇಂದ್ರದ ವಂಶವಾಹಿಯಾಗಿದ್ದರೆ ಅದು ಹಸಿರು ಗಿಡಗಳಲ್ಲೂ ಅಡಗಿ ಕೂತಿರಬಹುದು ಎಂದು ವಿವರಿಸಿದೆ. ಅವರು ಪ್ರತಿ ವರ್ಷ ತಮ್ಮ ಗದ್ದೆಯ ಭತ್ತವನ್ನೇ ಬೀಜಕ್ಕೆ ಎತ್ತಿಡುವವರು.

"ಹಂಗಾದ್ರೆ ಬರೋ ವರ್ಷಾನೂ ಬಿಳೀದು ಬರುತ್ತಾ ಬೇಟಾ?"

"ಬರಬಹುದು ಮಾಮು. ಬಂದ್ರೆ ಕೀಳಬೇಡಿ, ನಾನು ಬಂದು ಎಣಿಸ್ತೀನಿ."