ನಾಯಕಿಗೂ ವಯಸ್ಸಾಗಲಿ ಬಿಡಿ!

ನಮ್ಮ ಸಿನಿಮಾ ಪ್ರಪಂಚದಲ್ಲಿ ಒಂದು ವಿಚಿತ್ರ ಪಂಚಾಂಗ ಇದೆ. ನಾಯಕನಿಗೆ ಹತ್ತು ವರ್ಷ ಕಳೆದರೆ ಒಂದು ವರ್ಷ ವಯಸ್ಸಾಗುತ್ತದೆ. ನಾಯಕಿಗೆ ಒಂದು ವರ್ಷ ಕಳೆದರೆ ಹತ್ತು! ಆಕೆ ನಲವತ್ತು ದಾಟಿದಳೋ, ಮುಗೀತು. ನಿನ್ನೆ ಯಾರ ಜತೆ ಡ್ಯುಯೆಟ್ ಹಾಡಿದಳೋ ಅವನಿಗೇ ಇವತ್ತು ಅತ್ತಿಗೆ, ನಾಳೆ ತಾಯಿ. ಈ ಪಂಚಾಂಗ ಬರೆದ ಜೋಯಿಸರು ಯಾರು ಅಂತ ಕೇಳಿದರೆ ಗಾಂಧಿನಗರದವರು ಪ್ರೇಕ್ಷಕ ಪ್ರಭುವಿನ ಕಡೆ ಬೆರಳು ತೋರಿಸುತ್ತಾರೆ. ಪ್ರೇಕ್ಷಕ ಪ್ರಭು ಅಂದರೆ ನೀವು, ನಾನು!

ಈ ವಾರ ಇದೇ ವಿಷಯ ಎತ್ತಲು ಕಾರಣ ಒಂದು ಹಳೇ ಹಾಲಿವುಡ್ ಚಿತ್ರ. ಹೆಸರು 'ರೂಸ್ಟರ್ ಕಾಗ್‌ಬರ್ನ್'. 1975ರಲ್ಲಿ ತೆರೆಕಂಡ ಕೌಬಾಯ್ ಚಿತ್ರ, 1969ರ 'ಟ್ರೂ ಗ್ರಿಟ್'ನ ಎರಡನೇ ಭಾಗ. ಮೊಬೈಲಿನಲ್ಲೇ ನೋಡಿದೆ. ಒಂದು ಕಣ್ಣಿಗೆ ಕರಿಪಟ್ಟಿ ಕಟ್ಟಿಕೊಂಡ, ಕುಡುಕ, ಒರಟ, ಆದರೆ ಕೋವಿ ಹಿಡಿದರೆ ಹಿಂದೆ ಸರಿಯದ ಮುದಿ ಮಾರ್ಷಲ್ ಪಾತ್ರ ಜಾನ್ ವೇಯ್ನ್‌ ಅವರದು. ಮೊದಲ ಭಾಗದಲ್ಲಿ ಇದೇ ಪಾತ್ರ ಅವರಿಗೆ ಜೀವಮಾನದ ಏಕೈಕ ಆಸ್ಕರ್ ತಂದುಕೊಟ್ಟಿತ್ತು. ಎರಡನೇ ಭಾಗಕ್ಕೆ ನಾಯಕಿ ಯಾರು? ಇಪ್ಪತ್ತರ ಬೆಡಗಿಯೇ? ಅಲ್ಲ ಸ್ವಾಮಿ, ಕ್ಯಾಥರಿನ್ ಹೆಪ್‌ಬರ್ನ್! ವೇಯ್ನ್ ಹುಟ್ಟಿದ್ದು 1907ರ ಮೇ 26. ಹೆಪ್‌ಬರ್ನ್ ಹುಟ್ಟಿದ್ದು ಅದೇ ವರ್ಷ, ಅದೇ ತಿಂಗಳ 12. ಅಂದರೆ ನಾಯಕನಿಗಿಂತ ನಾಯಕಿ ಹದಿನಾಲ್ಕು ದಿನ ದೊಡ್ಡವಳು! ಚಿತ್ರ ಬಿಡುಗಡೆಯಾದಾಗ ಇಬ್ಬರಿಗೂ 68.

ಆ ಹೊತ್ತಿಗೆ ಹೆಪ್‌ಬರ್ನ್ ಮೂರು ಆಸ್ಕರ್ ಗೆದ್ದಿದ್ದರು. ವೇಯ್ನ್‌ಗೆ 1964ರಲ್ಲೇ ಕ್ಯಾನ್ಸರ್ ಆಗಿ ಒಂದು ಶ್ವಾಸಕೋಶವನ್ನು ತೆಗೆದಿದ್ದರು. ಇಬ್ಬರೂ ಅಷ್ಟು ವರ್ಷ ಅದೇ ಹಾಲಿವುಡ್‌ನಲ್ಲಿದ್ದರೂ ಒಟ್ಟಿಗೆ ನಟಿಸಿದ್ದು ಇದೊಂದೇ ಚಿತ್ರದಲ್ಲಿ. ಆಕೆ ಪಾದ್ರಿಯ ಮಗಳು. ತಂದೆಯನ್ನು ಕೊಂದ ಕಳ್ಳರನ್ನು ಹಿಡಿಯಲು ಮಾರ್ಷಲ್ ಜತೆ ತಾನೂ ಕೋವಿ ಹಿಡಿದು ಹೊರಡುತ್ತಾಳೆ. ಕುದುರೆ ಮೇಲೆ ಸ್ವಲ್ಪ ದೂರ, ತೆಪ್ಪದಲ್ಲಿ ಸ್ವಲ್ಪ ದೂರ. ದಾರಿಯುದ್ದಕ್ಕೂ ಜಗಳ. ಕುಡಿತಕ್ಕೆ ಆಕೆ ಬಯ್ಯುತ್ತಾಳೆ, ಈತ ಗೊಣಗುತ್ತಾನೆ.

ಚಿತ್ರ ಅದ್ಭುತವೇನಲ್ಲ. ಹೆಪ್‌ಬರ್ನ್ ನಟಿಸಿದ್ದ 1951ರ 'ಆಫ್ರಿಕನ್ ಕ್ವೀನ್' ಕಥೆಯನ್ನೇ ತಿರುವಿ ಹಾಕಿದಂತಿದೆ. ಅಲ್ಲಿನ ವಿಮರ್ಶಕರೂ ಅಷ್ಟಾಗಿ ಮೆಚ್ಚಲಿಲ್ಲ. ಆದರೂ ನಾನು ಕಣ್ಣು ಕೀಳಲಿಲ್ಲ. ಯಾಕೆ ಗೊತ್ತೇ? ಆಕೆಯ ಮುಖದ ಸುಕ್ಕನ್ನು ಯಾರೂ ಮುಚ್ಚಿಲ್ಲ. ದನಿಯ ನಡುಕವನ್ನೂ ಮುಚ್ಚಿಲ್ಲ. ಈತನ ಹೊಟ್ಟೆಯನ್ನೂ ಅಷ್ಟೇ! ಸರಿಸಮ ವಯಸ್ಸು, ಸರಿಸಮ ಮಾತು, ಸರಿಸಮ ಪೊಗರು. ಮದುವೆ ಇಲ್ಲ, ಅಪ್ಪುಗೆ ಇಲ್ಲ. ಕೊನೆಗೆ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ನೋಡುವವನಿಗೆ ಮಾತ್ರ ಇವರಿಬ್ಬರೂ ಇನ್ನಷ್ಟು ಹೊತ್ತು ಜಗಳ ಆಡಬಾರದಿತ್ತೇ ಅನ್ನಿಸುತ್ತದೆ.

ಈಗ ನಮ್ಮ ಮನೆಗೆ ಬರೋಣ.

1954ರ 'ಬೇಡರ ಕಣ್ಣಪ್ಪ'. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ. ಕಣ್ಣಪ್ಪನ ಹೆಂಡತಿಯಾಗಿ ನಟಿಸಿದವರು ಪಂಢರಿಬಾಯಿ. ಇಬ್ಬರೂ ಹೆಚ್ಚೂ ಕಡಿಮೆ ಒಂದೇ ವಯಸ್ಸಿನವರು. 32 ವರ್ಷ ಮುಂದಕ್ಕೆ ಬನ್ನಿ. 1986ರ 'ಅನುರಾಗ ಅರಳಿತು'. ರಾಜ್ ಅಲ್ಲಿ ಇನ್ನೂ ನಾಯಕ, ಜೋಡಿಯಾಗಿ ಮಾಧವಿ ಮತ್ತು ಗೀತಾ. ಪಂಢರಿಬಾಯಿ? ನಾಯಕನ ತಾಯಿ! ಅಣ್ಣಾವ್ರನ್ನು ದೂರುವ ಮಾತಲ್ಲ ಇದು. ಅವರ ಮೈಕಟ್ಟು, ಕಂಠ, ನಡೆನುಡಿ ಆ ವಯಸ್ಸಿನಲ್ಲೂ ಒಪ್ಪುತ್ತಿತ್ತು, ಜನ ಒಪ್ಪಿದರು. ಪಂಢರಿಬಾಯಿಯವರೂ ತಾಯಿಯಾಗಿ ನಮ್ಮನ್ನು ಅಳಿಸಿದರು. ಆದರೆ ಲೆಕ್ಕ ಲೆಕ್ಕವೇ ಅಲ್ಲವೇ? ಪಿಯುಸಿ ಅರ್ಧಕ್ಕೆ ಬಿಟ್ಟವನಾದರೂ ಕೂಡಿ ಕಳೆಯೋದು ನನಗೂ ಬರುತ್ತೆ.

ಎರಡನೇ ಭಾಗದ ಮಾತಿಗೆ ಬಂದರೆ 'ಗಂಧದ ಗುಡಿ' ಇದೆ. ಕಾಡು, ಕೋವಿ, ಕಳ್ಳಸಾಗಣೆ ಎಲ್ಲ ಇದ್ದ 1973ರ ಆ ಚಿತ್ರ ಒಂದು ರೀತಿಯಲ್ಲಿ ನಮ್ಮದೇ ಕೌಬಾಯ್ ಚಿತ್ರ ಅನ್ನಿ. ನಾಯಕಿ ಕಲ್ಪನಾ. ತೊಂಬತ್ತರ ದಶಕದಲ್ಲಿ ಎರಡನೇ ಭಾಗ ಬಂದಾಗ ಕಥೆ ಮಗನ ಹೆಗಲಿಗೆ, ಅಂದರೆ ಶಿವರಾಜ್‌ಕುಮಾರ್ ಹೆಗಲಿಗೆ ಹೋಯಿತು. ರಾಜ್ ಬಂದು ಮುಖ ತೋರಿಸಿ ಹೋದರು. ಕಲ್ಪನಾ 1979ರಲ್ಲೇ ನಮ್ಮನ್ನು ಬಿಟ್ಟು ಹೋಗಿದ್ದರು. ಮಿನುಗುತಾರೆ ಮುಪ್ಪಾಗುವುದನ್ನು ನೋಡುವ ಭಾಗ್ಯ ನಮಗೆ ಇರಲಿಲ್ಲ.

ಹಾಗಂತ ಕನ್ನಡದಲ್ಲಿ ಯಾರೂ ಪ್ರಯತ್ನವನ್ನೇ ಮಾಡಲಿಲ್ಲ ಅಂದರೆ ಸುಳ್ಳಾದೀತು. 2000ದ 'ಶಬ್ದವೇಧಿ'ಯಲ್ಲಿ ರಾಜ್ ಎದುರು ಜಯಪ್ರದಾ. ವಯಸ್ಸಿನ ಅಂತರ 33 ವರ್ಷ, ನಿಜ. ಆದರೆ 1977ರ 'ಸನಾದಿ ಅಪ್ಪಣ್ಣ'ದ ಜೋಡಿ 23 ವರ್ಷದ ಮೇಲೆ ಮತ್ತೆ ಕಂಡಿತಲ್ಲ, ಅದೇ ಸಂತೋಷ. 2007 ಅಂತೂ ವಿಷ್ಣುವರ್ಧನ್ ಪಾಲಿಗೆ ಒಳ್ಳೇ ವರ್ಷ. 'ಈ ಬಂಧನ'ದಲ್ಲಿ ಇದೇ ಜಯಪ್ರದಾ ಜತೆ ಬೆಳೆದ ಮಕ್ಕಳ ತಂದೆತಾಯಿ. 'ಮಾತಾಡ್ ಮಾತಾಡು ಮಲ್ಲಿಗೆ'ಯಲ್ಲಿ ಸುಹಾಸಿನಿ ಜತೆ ಹೂವು ಬೆಳೆಯುವ ರೈತ ದಂಪತಿ. 1984ರ 'ಬಂಧನ'ದಲ್ಲಿ ಈ ಇಬ್ಬರೂ ಒಂದಾಗಲಿಲ್ಲ ಅಂತ ಕಣ್ಣೀರು ಹಾಕಿದವರಿಗೆ, 23 ವರ್ಷ ಆದಮೇಲೆ ಒಂದೇ ಸೂರಿನ ಕೆಳಗೆ ಸಂಸಾರ ಮಾಡುವುದನ್ನು ನೋಡುವುದೇ ಒಂದು ಹಬ್ಬ.

ಆಮೇಲೆ ಬಂತು 'ಅಂಬಿ ನಿಂಗ್ ವಯಸ್ಸಾಯ್ತೋ'. ಹೆಸರಲ್ಲೇ ಧೈರ್ಯ ನೋಡಿ! 2018ರ ಸೆಪ್ಟೆಂಬರ್ 27ಕ್ಕೆ ತೆರೆಕಂಡಿತು. ತಮಿಳಿನಲ್ಲಿ ರಾಜ್‌ಕಿರಣ್ ಮತ್ತು ರೇವತಿ ಮಾಡಿದ್ದ ಕಥೆ. ಕನ್ನಡದಲ್ಲಿ 66ರ ಅಂಬರೀಷ್, 57ರ ಸುಹಾಸಿನಿ. ನಿವೃತ್ತ ಸ್ಟಂಟ್ ಕಲಾವಿದನೊಬ್ಬ ಮಗನ ಮನೆ ಬಿಟ್ಟು ಬೈಕ್ ಹತ್ತಿ ತನ್ನ ಮೊದಲ ಪ್ರೀತಿಯನ್ನು ಹುಡುಕಿಕೊಂಡು ಹೋಗುತ್ತಾನೆ. ಯೌವನದ ಅಂಬಿಯಾಗಿ ಸುದೀಪ್, ಯೌವನದ ನಾಯಕಿಯಾಗಿ ಶ್ರುತಿ ಹರಿಹರನ್ ಇದ್ದರು. ಆದರೂ ಮನಸ್ಸಿನಲ್ಲಿ ಉಳಿಯುವುದು ಮುದಿಜೋಡಿಯೇ. ರೆಬೆಲ್ ಸ್ಟಾರ್ ಬಿಳಿಗಡ್ಡ ಬಿಟ್ಟುಕೊಂಡು, ನಾಚಿಕೊಂಡು ನಿಂತಿದ್ದು ನೋಡಬೇಕು. ಚಿತ್ರ ಬಂದು ಎರಡು ತಿಂಗಳೂ ತುಂಬಲಿಲ್ಲ, ನವೆಂಬರ್ 24ಕ್ಕೆ ಅಂಬರೀಷ್ ಹೋಗಿಬಿಟ್ಟರು. ಒಂದು ವರ್ಷ ತಡ ಮಾಡಿದ್ದರೆ ಈ ಜೋಡಿ ನಮಗೆ ಸಿಗುತ್ತಲೇ ಇರಲಿಲ್ಲ.

ಮುದುಕ ಮುದುಕಿಯರನ್ನು ದುಡ್ಡು ಕೊಟ್ಟು ಯಾರಯ್ಯಾ ನೋಡ್ತಾರೆ ಅಂತೀರಾ? ನಾನು ಸುದ್ದಿ ಹುಡುಕಿಕೊಂಡು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಬಸ್ಸಿನಲ್ಲಿ ಸುತ್ತುವವನು. ಹೋದಲ್ಲೆಲ್ಲ ಈ ಪ್ರಶ್ನೆ ಹಾಕಿದೆ. ಜಗಳೂರಿನ ಟೀ ಅಂಗಡಿ ಅಣ್ಣ ನಕ್ಕುಬಿಟ್ಟ. "ಮನೇಲಿ ದಿನಾ ನೋಡ್ತೀವಲ್ಲೋ ತಮ್ಮಾ, ಅದನ್ನೇ ಪಿಚ್ಚರ್‌ನಾಗೂ ನೋಡ್ಬೇಕಾ?" ಹೊನ್ನಾಳಿಯಲ್ಲಿ ಬಸ್ಸಿಗೆ ಕಾದಿದ್ದ ನಿವೃತ್ತ ಮೇಷ್ಟ್ರು, "ಕಥೆ ಗಟ್ಟಿ ಇದ್ದರೆ ನೋಡ್ತಾರೆ ಕಣಪ್ಪ" ಅಂದರು.

ನ್ಯಾಮತಿಯಲ್ಲಿ ಸಿಕ್ಕ ಯಜಮಾನರು ಒಂದು ಕಾಲಕ್ಕೆ ಟೂರಿಂಗ್ ಟಾಕೀಸಿನಲ್ಲಿ ಮಿಷನ್ ಓಡಿಸಿದವರು. ಅವರ ಲೆಕ್ಕವೇ ಬೇರೆ. "ಗಂಡಸ್ರು ಮೊದಲ್ನೇ ದಿನ ಶಿಳ್ಳೆ ಹೊಡೆದು ಹೋಗೋರು. ಪಿಚ್ಚರ್ ಎರಡನೇ ವಾರಕ್ಕೆ ನಿಲ್ಲಿಸ್ತಿದ್ದೋರು ಹೆಂಗಸ್ರು. ಅವರಿಗೆ ಬೇರೆ ಸಾಲೇ ಇತ್ತು. ಈಗ ಆ ಸಾಲು ಎಲ್ಲಿದೆ ಹೇಳ್ರಿ?"

ಆ ಸಾಲು ನನಗೆ ಸಿಕ್ಕಿದ್ದು ಚನ್ನಗಿರಿ ಕಡೆ ಒಂದು ಅಡಿಕೆ ಸುಲಿಯುವ ಮನೆಯಲ್ಲಿ. ಹತ್ತಾರು ಹೆಂಗಸರು ಸಾಲಾಗಿ ಕುಳಿತು ಅಡಿಕೆ ಸುಲಿಯುತ್ತಿದ್ದರು. ನಡುವೆ ಮೊಬೈಲಿನಲ್ಲಿ ಹಳೇ ಚಿತ್ರ ಓಡುತ್ತಿತ್ತು. ಅಂಬಿ ಚಿತ್ರ ನೋಡಿದ್ದೀರಾ ಅಂತ ಕೇಳಿದೆ. ಅರವತ್ತರ ಆಸುಪಾಸಿನ ಒಬ್ಬ ಅಜ್ಜಿ ಕೈ ನಿಲ್ಲಿಸದೆ ಹೇಳಿದರು: "ಟಿವೀಲಿ ನೋಡಿದ್ನಪ್ಪ. ಆ ವಯಸ್ಸಿಗೂ ಒಬ್ಬ ಹುಡುಕ್ಕೊಂಡು ಬರ್ತಾನೆ ಅಂದ್ರೆ ಅದ್ಯಾಕೋ ಚಂದ ಅನ್ನಿಸ್ತು. ನಮ್ಮಂಥೋರಿಗೆ ಪಿಚ್ಚರ್‌ನಾಗೆ ಅಳೋದು ಬಿಟ್ಟು ಬೇರೆ ಕೆಲಸಾನೇ ಕೊಡಲ್ಲ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮಾತು ಎದೆಗೆ ನಾಟಿತು.

ಗಾಂಧಿನಗರದ ದೊಡ್ಡವರೇ, ಥಿಯೇಟರಿಗೆ ಜನ ಬರ್ತಿಲ್ಲ ಅಂತ ಅಳುತ್ತೀರಿ. ಈ ಹೆಂಗಸರನ್ನು ಎಂದಾದರೂ ಕರೆದಿದ್ದೀರಾ? ಅವರ ವಯಸ್ಸಿನ ಒಂದು ಮುಖ, ಅಳುವ ತಾಯಿಯಾಗಿ ಅಲ್ಲ, ನಾಯಕಿಯಾಗಿ ಪೋಸ್ಟರ್ ಮೇಲೆ ಇತ್ತೇ? ಹಾಲಿವುಡ್‌ನವರು 1981ರಲ್ಲಿ 'ಆನ್ ಗೋಲ್ಡನ್ ಪಾಂಡ್' ಮಾಡಿದರು. ಅದೇ ಹೆಪ್‌ಬರ್ನ್, ಜತೆಗೆ ಹೆನ್ರಿ ಫಾಂಡಾ. ಇಬ್ಬರೂ ಎಪ್ಪತ್ತು ದಾಟಿದವರು, ಇಬ್ಬರಿಗೂ ಆಸ್ಕರ್ ಬಂತು!

ಕಾಲ ಯಾರಿಗೂ ಕಾಯಲ್ಲ. ಜಯಂತಿ 2021ರಲ್ಲಿ ಹೋದರು, ಲೀಲಾವತಿ 2023ರಲ್ಲಿ, ಬಿ. ಸರೋಜಾದೇವಿ 2025ರಲ್ಲಿ. ಹೋದವರಿಗೆ ಹಾರ ಹಾಕುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಇರುವವರಿಗೆ ಪಾತ್ರ ಕೊಡುವುದು ಯಾವಾಗ?

ನನ್ನ ಬೇಡಿಕೆ ಒಂದೇ. 1979ರಲ್ಲಿ 'ಚಂದನದ ಗೊಂಬೆ', 'ನಾ ನಿನ್ನ ಬಿಡಲಾರೆ' ಕೊಟ್ಟ ಜೋಡಿ ನೆನಪಿದೆಯೇ? ಅನಂತ್‌ನಾಗ್ ಮತ್ತು ಲಕ್ಷ್ಮಿ. ಅನಂತ್‌ಗೆ 2025ರಲ್ಲಿ ಪದ್ಮಭೂಷಣ ಬಂತು. ಲಕ್ಷ್ಮಿ ನಟನೆಗೆ ಸರ್ಟಿಫಿಕೇಟ್ ಬೇಕಿಲ್ಲ. ಅನಂತ್ 1948ರವರು, ಲಕ್ಷ್ಮಿ 1952ರವರು. ಆ ಚಿತ್ರಗಳಲ್ಲಿ ಒಂದಕ್ಕೆ ಎರಡನೇ ಭಾಗ ಮಾಡಿ ನೋಡಿ. ಡ್ಯುಯೆಟ್ ಬೇಡ, ಫೈಟ್ ಬೇಡ. ಇಬ್ಬರನ್ನೂ ಎದುರುಬದುರು ಕೂರಿಸಿ ಜಗಳ ಆಡಲು ಬಿಡಿ, ಸಾಕು. ಚನ್ನಗಿರಿಯಿಂದ ಒಂದು ಸಾಲು ಟಿಕೆಟ್ ನಾನೇ ಬುಕ್ ಮಾಡುತ್ತೇನೆ!

ನಿಮ್ಮ ಮನಸ್ಸಿನಲ್ಲಿ ಯಾವ ಜೋಡಿ ಇದೆ? ಒಂದು ಕಾರ್ಡ್ ಹಾಕಿ. ಮುಂದಿನ ವಾರ ಸಿಗೋಣ.