ಹಾವಸೆಯ ಕಡತದಲ್ಲಿ ಮಳೆಯ ಲೆಕ್ಕ

ಮುಂಗಾರು ತಡವಾದ ವರ್ಷ ಸೆಟ್ಟೂರಿನ ಸೀಮೆಯಲ್ಲಿ ಹಿರಿಯರ ಮಾತು ಹಳೆಯ ಬರಗಳ ಕಡೆಗೆ ಹೊರಳುತ್ತದೆ. ಯಾವ ವರ್ಷ ಕೆರೆ ಕೋಡಿ ಬಿದ್ದಿತು, ಯಾವ ವರ್ಷ ಬಿತ್ತಿದ ಕಡಲೆಕಾಯಿಯ ಬೀಜವೂ ಮರಳಿ ಕೈಸೇರಲಿಲ್ಲ ಎಂಬುದನ್ನು ಅವರು ನೆನಪಿನಿಂದಲೇ ಹೇಳಬಲ್ಲರು. ಆದರೆ ಆ ನೆನಪು ಅರುವತ್ತು ಎಪ್ಪತ್ತು ವರ್ಷಗಳ ಆಚೆಗೆ ಹೋಗಲಾರದು. ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಗೊಂಡದ್ದೇ 1875ರಲ್ಲಿ. ಅದಕ್ಕೂ ಸಾವಿರಾರು ವರ್ಷ ಮೊದಲು ಮುಂಗಾರು ಹೇಗೆ ಸುರಿಯುತ್ತಿತ್ತು? ಈ ಪ್ರಶ್ನೆಗೆ ಉತ್ತರ ಹೇಳುವ ಸಾಕ್ಷಿಗಳಲ್ಲಿ ಜೌಗುನೆಲದ ಸಸ್ಯಗಳೂ ಸೇರಿವೆ.

ಸದಾ ನೀರು ನಿಂತ ತಂಪು ನೆಲದಲ್ಲಿ ಸತ್ತ ಸಸ್ಯಗಳಿಗೆ ಗಾಳಿ ತಾಗುವುದಿಲ್ಲ. ಅವು ಪೂರ್ತಿಯಾಗಿ ಕೊಳೆಯುವುದೂ ಇಲ್ಲ. ವರ್ಷದ ಮೇಲೆ ವರ್ಷ ಪದರಗಳಾಗಿ ಒತ್ತಿ ಕುಳಿತ ಆ ಕಪ್ಪು ಸಸ್ಯರಾಶಿಯೇ ಪೀಟ್. ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು, ಅನೇಕ ವೇಳೆ ಅದಕ್ಕೂ ಕಡಿಮೆ ಬೆಳೆಯುವ ಈ ರಾಶಿಯ ಒಂದು ಗೇಣಿನೊಳಗೆ ಶತಮಾನಗಳು ಅಡಗಿರುತ್ತವೆ. ಯುರೋಪ್ ಮತ್ತು ಕೆನಡಾದ ಶೀತಪ್ರದೇಶಗಳಲ್ಲಿ ಇದನ್ನು ಹೆಚ್ಚಾಗಿ ಕಟ್ಟಿರುವುದು ಸ್ಫಾಗ್ನಂ ಎಂಬ ಹಾವಸೆ.

ಈ ಪದರಗಳನ್ನು ಓದುವ ಅಕ್ಷರಗಳೇ ಸ್ಥಿರ ಐಸೋಟೋಪುಗಳು. ಪ್ರಕೃತಿಯ ಇಂಗಾಲದಲ್ಲಿ ಶೇಕಡ 99ರಷ್ಟು ಪರಮಾಣುಗಳು ಇಂಗಾಲ-12. ಶೇಕಡ ಒಂದಕ್ಕಿಂತ ತುಸು ಹೆಚ್ಚು ಇಂಗಾಲ-13. ಎರಡೂ ಇಂಗಾಲವೇ, ಎರಡೂ ಕಾಲಕ್ರಮದಲ್ಲಿ ಕ್ಷಯಿಸುವುದಿಲ್ಲ. ಎರಡನೆಯದು ಸ್ವಲ್ಪ ಭಾರ, ಅಷ್ಟೆ. ಸಸ್ಯವು ಗಾಳಿಯಿಂದ ಇಂಗಾಲವನ್ನು ಹೀರುವಾಗ ಹಗುರವಾದುದನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತದೆ. ಆ ಆಯ್ಕೆ ಎಷ್ಟು ಬಿಗಿಯಾಗಿತ್ತು ಎಂಬುದು ಸಸ್ಯದ ಬಗೆಯನ್ನೂ ನೀರಿನ ಸ್ಥಿತಿಯನ್ನೂ ಅವಲಂಬಿಸುತ್ತದೆ. ಸ್ಫಾಗ್ನಂ ಎಲೆಗೆ ಮುಚ್ಚಿ ತೆರೆಯುವ ಪತ್ರರಂಧ್ರಗಳಿಲ್ಲ. ಮಳೆ ಹೆಚ್ಚಾದಾಗ ಎಲೆಯ ಮೇಲೆ ನೀರಿನ ಪೊರೆ ನಿಂತು ಗಾಳಿಯ ದಾರಿಯನ್ನು ಕಟ್ಟುತ್ತದೆ. ಆಗ ಹಾವಸೆ ಸಿಕ್ಕ ಇಂಗಾಲವನ್ನೇ ಬಳಸಬೇಕಾಗಿ ಬಂದು, ಅದರ ದೇಹದಲ್ಲಿ ಇಂಗಾಲ-13ರ ಪಾಲು ಏರುತ್ತದೆ. ಅದಕ್ಕೆ ಬೇರುಗಳೂ ಇಲ್ಲ. ತನ್ನನ್ನು ತೋಯಿಸಿದ ನೀರಿನ ಆಮ್ಲಜನಕದ ಗುರುತನ್ನು ಅದು ತನ್ನ ಸೆಲ್ಯುಲೋಸಿನಲ್ಲಿ ಉಳಿಸಿಕೊಳ್ಳುತ್ತದೆ.

ದಕ್ಷಿಣ ಭಾರತದಲ್ಲಿ ಇಂಥ ಕಡತ ದೊರೆತದ್ದು ಸೆಟ್ಟೂರಿನಿಂದ ಮುನ್ನೂರು ಕಿಲೋಮೀಟರಿಗೂ ಮಿಗಿಲಾಗಿ ತೆಂಕಣಕ್ಕಿರುವ ನೀಲಗಿರಿಯಲ್ಲಿ. ಸಮುದ್ರಮಟ್ಟದಿಂದ 2000 ಮೀಟರಿಗೂ ಎತ್ತರದ ಅಲ್ಲಿನ ಕಣಿವೆಗಳ ಪೀಟನ್ನು ಆರ್. ಸುಕುಮಾರ್, ಆರ್. ರಮೇಶ್, ಆರ್. ಕೆ. ಪಂತ್ ಮತ್ತು ಜಿ. ರಾಜಗೋಪಾಲನ್ ಪರೀಕ್ಷಿಸಿ, 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇಲ್ಲಿ ಬರೆದ ಕೈ ಮುಖ್ಯವಾಗಿ ಹಾವಸೆಯದಲ್ಲ, ಹುಲ್ಲು ಮುಂತಾದ ಸಸ್ಯಗಳದು. ಆದ್ದರಿಂದ ಓದುವ ಕ್ರಮವೂ ಬೇರೆ.

ಆ ಕ್ರಮವನ್ನು ಸೆಟ್ಟೂರಿನ ಹೊಲದಲ್ಲಿಯೇ ಅರಿಯಬಹುದು. ಕಡಲೆಕಾಯಿ, ತೊಗರಿ, ಭತ್ತಗಳು ಸಿ-3 ಎಂಬ ಗುಂಪಿಗೆ ಸೇರಿದವು. ಜೋಳ, ಸಜ್ಜೆ, ರಾಗಿ, ನವಣೆಗಳು ಸಿ-4 ಗುಂಪಿನವು. ಬಿಸಿಲನ್ನೂ ನೀರಿನ ಕೊರತೆಯನ್ನೂ ಇವು ಚೆನ್ನಾಗಿ ತಾಳಿಕೊಳ್ಳುತ್ತವೆ. ಸಿ-4 ಸಸ್ಯಗಳಲ್ಲಿ ಇಂಗಾಲ-13ರ ಪಾಲು ಸ್ಪಷ್ಟವಾಗಿ ಹೆಚ್ಚು. ಕಾಡುಹುಲ್ಲುಗಳಲ್ಲಿಯೂ ಇದೇ ಭೇದವಿದೆ. ಹೀಗಾಗಿ ನೀಲಗಿರಿಯ ಪದರದಲ್ಲಿ ಇಂಗಾಲ-13 ಏರಿದ್ದರೆ ಅದು ಒಣಕಾಲದ ಸೂಚನೆ; ಇಳಿದಿದ್ದರೆ ತೇವದ ಸೂಚನೆ. ಸ್ಫಾಗ್ನಂ ಹೇಳುವುದು ಇದಕ್ಕೆ ತದ್ವಿರುದ್ಧ. ಲಿಪಿ ಒಂದೇ ಆದರೂ ಬರೆದವರು ಯಾರೆಂದು ತಿಳಿಯದೆ ಓದಿದರೆ ಬರವು ಸುಭಿಕ್ಷವಾಗಿ ಕಂಡೀತು.

ಪದರಗಳ ವಯಸ್ಸನ್ನು ಕ್ಷಯಿಸುವ ಇಂಗಾಲ-14ರಿಂದ ಅಳೆದಾಗ ಇಪ್ಪತ್ತು ಸಾವಿರ ವರ್ಷಗಳ ಕಥೆ ತೆರೆದುಕೊಂಡಿತು. ಹಿಮಯುಗ ಉತ್ತುಂಗದಲ್ಲಿದ್ದ ಸುಮಾರು 20,000ದಿಂದ 18,000 ವರ್ಷಗಳ ಹಿಂದಿನ ಕಾಲ ಒಣಗಿತ್ತು. ಸುಮಾರು 11,000 ವರ್ಷಗಳ ಹಿಂದೆ ತೇವ ಹೆಚ್ಚಿತು. 6,000ದಿಂದ 3,500 ವರ್ಷಗಳ ಹಿಂದಿನ ಅವಧಿ ಮತ್ತೆ ಒಣಗಿತು. ಸುಮಾರು 600 ವರ್ಷಗಳ ಹಿಂದೆ ಅಲ್ಪಕಾಲ ಮಳೆ ಒಲಿದಿತ್ತು. ಹಿಮಯುಗದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಿದ್ದುದೂ ಸಿ-4 ಹುಲ್ಲಿಗೆ ಅನುಕೂಲವೇ; ಆದ್ದರಿಂದ ಎಲ್ಲ ಏರಿಳಿತವನ್ನೂ ಮಳೆಯೊಂದರ ಲೆಕ್ಕಕ್ಕೆ ಬರೆಯುವಂತಿಲ್ಲ.

ಆ ಎರಡನೆಯ ಒಣಕಾಲದ ಕೊನೆಯ ಭಾಗ ಕಲ್ಯಾಣದುರ್ಗದ ಸೀಮೆಗೂ ಹೊರತಲ್ಲದ ಕಥೆ. ಈ ಸೀಮೆಯ ಪಾಲವಾಯಿಯಲ್ಲಿ ನವಶಿಲಾಯುಗದ ಬೂದಿದಿಬ್ಬವಿದೆ. ದನಗಾಹಿಗಳ ಸೆಗಣಿಯ ರಾಶಿ ಬೆಂದು ಉಳಿದ ಕುರುಹು ಅದು. ದಖ್ಖನ್ನಿನ ಅಂದಿನ ಬೇಸಾಯಗಾರರು ಬೆಳೆದದ್ದು ಹುರುಳಿ, ಹೆಸರು ಮತ್ತು ಕೊರಲೆಯಂಥ ಕಿರುಧಾನ್ಯಗಳನ್ನು. ಸ್ವಲ್ಪ ಮಳೆಯಲ್ಲಿಯೇ ಕೈಹಿಡಿಯುವ ಬೆಳೆಗಳಿವು. ನೀಲಗಿರಿಯ ಮಳೆ ಈ ಸೀಮೆಯ ಮಳೆಯಲ್ಲ ಎಂಬುದು ನಿಜ. ಆದರೂ ಘಟ್ಟದ ಮಳೆನೆರಳಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಅನಂತಪುರ ಜಿಲ್ಲೆಯೂ ಮುಂಗಾರನ್ನೇ ನೆಚ್ಚಿದೆ. ಆ ಮುಂಗಾರು ನಾಲ್ಕಾರು ವರ್ಷವಲ್ಲ, ಸಾವಿರಾರು ವರ್ಷವೇ ಮುನಿಸಿಕೊಳ್ಳಬಲ್ಲದು ಎಂಬುದು ಪೀಟ್ ಕಲಿಸುವ ಪಾಠ. ಭೂಮಿ ಮನುಷ್ಯನಿಂದಲೇ ಬಿಸಿಯಾಗುತ್ತಿರುವ ಇಂದು, ಮುಂದಿನ ಮುಂಗಾರನ್ನು ಗಣಿಸುವ ಕಂಪ್ಯೂಟರ್ ಮಾದರಿಗಳನ್ನು ಒರೆಗೆ ಹಚ್ಚಲು ಹಳೆಯ ಮಳೆಯ ಇಂಥ ಲೆಕ್ಕಗಳು ಬೇಕೇಬೇಕು.

ಆದರೆ ಆ ಕಡತಕ್ಕೇ ಕುತ್ತು ಬಂದಿದೆ. ಹತ್ತೊಂಬತ್ತನೆಯ ಶತಮಾನದಿಂದ ನೀಲಗಿರಿಯ ಹುಲ್ಲುಗಾವಲುಗಳನ್ನು ಚಹಾ, ನೀಲಗಿರಿ ಮರ, ವಾಟಲ್ ಮರ, ತರಕಾರಿ ತೋಟಗಳು ಆಕ್ರಮಿಸಿದವು. ಕಾಲುವೆ ತೆಗೆದು ಜೌಗನ್ನು ಬಸಿದರೆ ಪೀಟಿಗೆ ಗಾಳಿ ತಾಗುತ್ತದೆ. ಇಪ್ಪತ್ತು ಸಾವಿರ ವರ್ಷ ಕೊಳೆಯದಿದ್ದುದು ಕೊಳೆಯತೊಡಗುತ್ತದೆ. ಹಿರಿಯರೊಬ್ಬರು ಕಣ್ಮುಚ್ಚಿದಾಗ ಅವರ ನೆನಪಿನ ಬರಗಳೂ ಅವರೊಡನೆ ಹೋಗುತ್ತವೆ; ಅವನ್ನು ಮೊದಲೇ ಕೇಳಿ ಬರೆದಿಡುವುದು ಮನೆಯ ಮಕ್ಕಳ ಕೈಯಲ್ಲಿದೆ. ಜೌಗುನೆಲದ ನೆನಪನ್ನು ಹಾಗೆ ಕೇಳಿ ಮುಗಿಸುವಂತಿಲ್ಲ. ಅದನ್ನು ಒದ್ದೆಯಾಗಿಯೇ ಉಳಿಸಬೇಕು.